ರಾಕಿ ಭಾಯ್ ಕೂತಿದ್ದ ದಿಬ್ಬ

ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ ತಪ್ಪಿಗೆ ನನಗೆ 2018ರಲ್ಲಿ 'ಕೆಜಿಎಫ್' ಸಿನಿಮಾ ಬಂದಾಗಿನಿಂದ ಒಂದು ಬಿಟ್ಟಿ ಕೆಲಸ ಗಂಟುಬಿದ್ದಿದೆ. ಯಾವ ಊರಿನ ನೆಂಟರು ಬಂದರೂ ಅವರನ್ನು ಕೆಜಿಎಫ್‌ಗೆ, ಅಂದರೆ ನಮ್ಮ ಕೋಲಾರದ ಚಿನ್ನದ ಗಣಿ ಊರಿಗೆ, ಕರೆದುಕೊಂಡು ಹೋಗಿ ಆ ಸಿನಿಮಾದ ಹೀರೋ ರಾಕಿ ಭಾಯ್ ಇದ್ದ ಜಾಗ ತೋರಿಸಬೇಕು. ಮನುಷ್ಯ ಸಿನಿಮಾದವನು, ಗಣಿಯೂ ಸಿನಿಮಾದ್ದು, ಜಾಗ ಮಾತ್ರ ನಿಜವಾಗಿ ಇರಬೇಕು. ಇಲ್ಲ ಅಂದರೆ 'ಇಲ್ಲೇ ಹುಟ್ಟಿ ಬೆಳೆದು ಇದೂ ಗೊತ್ತಿಲ್ವಾ' ಅಂತ ನಮ್ಮನ್ನೇ ಮರುಕದಿಂದ ನೋಡುತ್ತಾರೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯವರ ಅಣ್ಣನ ಮಗ ದಾವಣಗೆರೆಯಿಂದ ಬಂದ. ಉರಿ ಬಿಸಿಲಲ್ಲಿ ಕರಿ ಶರ್ಟು, ಎದೆತನಕ ಗಡ್ಡ. ಚಪ್ಪಲಿ ಬಿಡೋಕೆ ಮುಂಚೆನೇ, "ಮಾವ, ರಾಕಿ ಭಾಯ್ ಗಣಿ ಎಲ್ಲೈತಿ?" ಅಂದ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಉರಿಗಾಂನಲ್ಲಿ ಇಳಿದೆವು. ಆಟೋದವರು ನಮ್ಮ ಹುಡುಗನ ಗಡ್ಡ ನೋಡಿಯೇ ವಿಷಯ ತಿಳಿದುಕೊಂಡರು.

"ಸಿನಿಮಾ ಪಾಯಿಂಟಾ, ಹಳೇ ಪಾಯಿಂಟಾ ಸಾರ್?"

ಹಳೇ ಪಾಯಿಂಟ್‌ಗೆ ಎಷ್ಟು ಅಂತ ಕೇಳಿದೆ.

"ಅದನ್ನ ಯಾರೂ ಕೇಳಲ್ಲ ಸಾರ್. ಇನ್ನೂ ರೇಟ್ ಇಟ್ಟಿಲ್ಲ."

ಸಿನಿಮಾ ಪಾಯಿಂಟ್ ಅಂದರೆ ಸೈನೈಡ್ ದಿಬ್ಬ. ಗಣಿಯ ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ಬೇರ್ಪಡಿಸಿ, ಉಳಿದ ಮಣ್ಣನ್ನು ತಂದು ಸುರಿದು ಸುರಿದು ಆದ ಗುಡ್ಡಗಳು ಇವು. ಗಾಳಿ ಬೀಸಿದರೆ ಈ ಬೂದಿಯಂಥ ಮಣ್ಣು ಸುತ್ತಲಿನ ಮನೆಗಳ ಅನ್ನದ ತಟ್ಟೆಗೂ ಬರುತ್ತದೆ. ಊರಿನವರು ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಹೊರಗಿನವರು ಅದೇ ಧೂಳಿನಲ್ಲಿ ಸ್ಲೋ ಮೋಷನ್‌ನಲ್ಲಿ ನಡೆದು ರೀಲ್ಸ್ ಮಾಡುತ್ತಾರೆ. ಧೂಳು ಜಾಸ್ತಿ ಇದ್ದಷ್ಟೂ ಎಫೆಕ್ಟ್ ಚೆನ್ನಾಗಿರುತ್ತದಂತೆ.

ಆಟೋದವರು ಒಂದು ದಿಬ್ಬದ ಕಡೆ ಕೈ ತೋರಿಸಿ, "ಇಲ್ಲೇ ಸಾರ್, ರಾಕಿ ಭಾಯ್ ಕೂತಿದ್ದು" ಅಂದರು. ಹೋದ ಸಲ ಬೇರೆ ಆಟೋದವರು ಅದರ ಪಕ್ಕದ ದಿಬ್ಬ ತೋರಿಸಿದ್ದರು. ಅದಕ್ಕೂ ಹಿಂದಿನ ಸಲ ಆಚೆ ಕಡೆಯದ್ದು. ಪಾಪ, ಆ ಮನುಷ್ಯ ಸ್ಟ್ಯಾಂಡಿನ ಒಂದೊಂದು ಆಟೋಗೂ ಒಂದೊಂದು ಕಡೆ ಕೂತಿದ್ದಾರೆ. ಸಿನಿಮಾದವರನ್ನು ಬೈಯುವಂತಿಲ್ಲ ಬಿಡಿ. ಅವರು ಇಲ್ಲಿ ಸೆಟ್ ಹಾಕಿದರು, ಕತೆ ಅಂತಲೇ ಹೇಳಿದರು, ಹೋದರು. ಅದನ್ನು ಜಿಲ್ಲೆಯ ಇತಿಹಾಸ ಮಾಡಿದವರು ನಾವು.

ನನಗೂ ತಡೆಯಲಿಲ್ಲ. ನಿಜವಾದ ಕತೆ ಕೇಳೋ ಅಂತ ಹುಡುಗನನ್ನು ಆಟೋದ ನೆರಳಿಗೆ ಎಳೆದು ಕೂರಿಸಿದೆ. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯೋಕೆ ಬಂದ ಜಾನ್ ವಾರನ್ ಅನ್ನುವ ಲೆಫ್ಟಿನೆಂಟ್‌ಗೆ ಇಲ್ಲಿನ ಮಣ್ಣಲ್ಲಿ ಚಿನ್ನ ಇದೆ ಅನ್ನೋ ಸುದ್ದಿ ಸಿಕ್ಕಿತು, ತೋರಿಸಿದವರಿಗೆ ಇನಾಮು ಅಂದ, ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನೆದುರೇ ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು.

"ಆಮೇಲೆ ಅವನ್ನ ಯಾರು ಹೊಡದ್ರು?"

ಯಾರೂ ಹೊಡೆಯಲಿಲ್ಲ ಕಣೋ, ವರದಿ ಬರೆದ.

"ಹ್ಞಾಂ" ಅಂತ ಫೋನ್ ತೆಗೆದ.

ಆ ವರದಿಯನ್ನು ಎಷ್ಟೋ ವರ್ಷದ ಮೇಲೆ ಲ್ಯಾವೆಲ್ ಅನ್ನೋ ಐರಿಶ್ ಸಿಪಾಯಿ ಓದಿದ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿದ್ದವನು 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಇಲ್ಲಿಗೆ ಬಂದ. ಅಗೆಯೋ ಪರವಾನಗಿ ಸಿಕ್ಕಿತು, ದುಡ್ಡು ಸಾಕಾಗಲಿಲ್ಲ, ಹಕ್ಕನ್ನು ಬೇರೆಯವರಿಗೆ ಕೊಟ್ಟುಬಿಟ್ಟ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದ್ದೇ. ಈಗ ಅಲ್ಲಿ ಒಂದು ಸೈಟು ತಗೊಳ್ಳೋಕೆ ಒಂದು ಗಣಿ ಬೇಕು.

ಇನ್ನು ಕರೆಂಟಿನ ವಿಷಯ. ಅದನ್ನು ಹೇಳಿದರೆ ನಮ್ಮ ಮನೆಯವರೇ ನಂಬುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ತಂದರು. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ಕ್ಕೆ. ಅಂದರೆ ಮೂರು ವರ್ಷ ಬೆಂಗಳೂರು ಸೀಮೆಎಣ್ಣೆ ದೀಪದಲ್ಲಿ ಕೂತು ನಮ್ಮ ಕಡೆ ನೋಡಬೇಕಿತ್ತು. ಈಗ ನಾವು ನೋಡುತ್ತಿದ್ದೇವೆ. ನಮ್ಮ ಮನೆಯಲ್ಲಿ ಸಂಜೆ ಮೋಡ ಕಂಡರೆ ಸಾಕು, ಮಳೆಗೆ ಮುಂಚೆ ಕರೆಂಟು ಹೋಗುತ್ತದೆ. ಫೋನ್ ಮಾಡಿದರೆ 'ಮೇಲಿಂದಲೇ ಇಲ್ಲ ಸಾರ್' ಅನ್ನುತ್ತಾರೆ. ಮೇಲೆ ಅಂದರೆ ಯಾರು ಅಂತ ನಾನೂ ಕೇಳಿಲ್ಲ, ಶಿವನಸಮುದ್ರದ ಶಿವನೇ ಇರಬೇಕು.

ಹುಡುಗ ಆಗಲೇ ಆಕಳಿಸುತ್ತಿದ್ದ. ಕೊನೇ ಬಾಣ ಬಿಟ್ಟೆ. ಈ ನೆಲದಡಿ 3 ಕಿಲೋಮೀಟರ್‌ಗೂ ಆಳಕ್ಕೆ ಗಣಿ ಹೋಗಿದೆ. ಅಷ್ಟು ಆಳದಲ್ಲಿ ಚಿನ್ನ ಅಗೆಯೋರು ಒಂದು ಕಡೆ, ವಿಜ್ಞಾನಿಗಳು ಇನ್ನೊಂದು ಕಡೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಸೇರಿಕೊಂಡು ಚಾಂಪಿಯನ್ ರೀಫ್ ಗಣಿಯಲ್ಲಿ 2 ಕಿಲೋಮೀಟರ್‌ಗಿಂತ ಕೆಳಗೆ ಯಂತ್ರ ಇಟ್ಟು ಕಾದು ಕೂತರು. ಆಕಾಶದಿಂದ ಬರುವ ಬೇರೆ ಕಣಗಳನ್ನು ಹೆಚ್ಚುಕಡಿಮೆ ಎಲ್ಲ ಮೇಲಿನ ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಅನ್ನೋ ಕಣ ಒಂದು ಮಾತ್ರ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ. 1965ರಲ್ಲಿ ಸಿಕ್ಕಿತು! ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಸುಳಿವು ಸಿಕ್ಕಿತು ಅಂತ ಜಗತ್ತಿಗೆ ಮೊದಲು ಹೇಳಿದ್ದು ಇಲ್ಲಿಯವರು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದೇ ವರ್ಷ ಸಿಕ್ಕಿತ್ತು, ಆದರೆ ಪ್ರಕಟಿಸಿದ್ದರಲ್ಲಿ ನಮ್ಮ ಗಣಿಯವರು ಎರಡು ವಾರ ಮುಂದು.

"ಅಂದ್ರ ಅದು ಕಣ್ಣಿಗೆ ಕಾಣಂಗಿಲ್ಲನು?"

ಕಾಣಲ್ಲ. ಅಪರೂಪಕ್ಕೊಮ್ಮೆ ಬಿಟ್ಟರೆ ಯಾರನ್ನೂ ಮುಟ್ಟದೆ, ಏನನ್ನೂ ಅಲುಗಾಡಿಸದೆ, ಹಾದು ಹೋಗಿಬಿಡುತ್ತದೆ.

ಆಟೋದವರು ಅಷ್ಟು ಹೊತ್ತು ಸುಮ್ನೆ ಬೀಡಿ ಸೇದುತ್ತಿದ್ದವರು ಇದಕ್ಕೆ ತಲೆ ಎತ್ತಿದರು. "ಗಣಿ ತೆರಿತೀವಿ ಅಂತ ಎಲೆಕ್ಷನ್ ಟೈಮಲ್ಲಿ ಬರ್ತಾರಲ್ಲ ಸಾರ್, ಆ ಥರಾನಾ?"

ಇಷ್ಟು ಚೆನ್ನಾಗಿ ಭೌತಶಾಸ್ತ್ರ ಅರ್ಥ ಮಾಡಿಕೊಂಡವರನ್ನು ನಾನು ಕಾಲೇಜಿನಲ್ಲೂ ನೋಡಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಈ ಆಟೋದವರ ಅಪ್ಪ ಕೆಳಗೆ ಇಳಿಯುತ್ತಿದ್ದವರಂತೆ. ಅವರ ತಮ್ಮ ಈಗ ದಿನಾ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಅಂಥವರು ಈ ಊರಲ್ಲಿ ಸಾವಿರಾರು ಜನ. ಅದರ ಬಗ್ಗೆ ಯಾರೂ ರೀಲ್ಸ್ ಮಾಡುವುದಿಲ್ಲ, ಬೆಳಗಿನ ಜಾವ ಲೈಟಿಂಗ್ ಸರಿಯಿರಲ್ಲ ಅಲ್ವಾ.

ಬರುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದೆವು. ನೀರು ಹಸಿರಿಲ್ಲದೆ ತಿಳಿಯಾಗಿರುವುದನ್ನು ನೋಡಿ ಹುಡುಗ ಬೆರಗಾಗಿ ನಾಲ್ಕು ವಿಡಿಯೋ ತೆಗೆದ. ಇಡೀ ದಿನದಲ್ಲಿ ಅವನು ಬೆರಗಾದದ್ದು ಅದೊಂದಕ್ಕೇ.

ಮುಂದಿನ ತಿಂಗಳು ಹಾಸನದ ನೆಂಟರು ಬಂದರು. ಮತ್ತೆ ಉರಿಗಾಂ, ಮತ್ತೆ ಅದೇ ಆಟೋ. ನನ್ನನ್ನು ನೋಡಿ ನಕ್ಕರು, ಗುರುತು ಹಿಡಿದರು ಅಂದುಕೊಂಡೆ. ಸಿನಿಮಾ ಪಾಯಿಂಟ್ ಮುಗಿಸಿದ ಮೇಲೆ ಗಾಡಿಯನ್ನು ಚಾಂಪಿಯನ್ ರೀಫ್ ಕಡೆಗೆ ತಿರುಗಿಸಿ, ಬೀಗ ಹಾಕಿದ ಗೇಟೊಂದರ ಮುಂದೆ ನಿಲ್ಲಿಸಿ, ನೆಂಟರಿಗೆ ಗಂಭೀರವಾಗಿ ಹೇಳಿದರು:

"ಇಲ್ಲೇ ಮೇಡಂ, ರಾಕಿ ಭಾಯ್ ನ್ಯೂಟ್ರಿನೋನ ಹಿಡಿದು ಹಾಕಿದ್ದು. ಈ ಪಾಯಿಂಟ್‌ಗೆ 50 ರೂಪಾಯಿ ಎಕ್ಸ್‌ಟ್ರಾ."