ಸತ್ಯಾಂಶ: ಗೊರಕೆ ಗಾಢ ನಿದ್ದೆಯ ಗುರುತಲ್ಲ

‘ಫಿಟ್ಸ್ ಇರುವವರು ಜೋರಾಗಿ ಗೊರಕೆ ಹೊಡೆದರೆ ನಿದ್ದೆ ಚೆನ್ನಾಗಿ ಹತ್ತಿದೆ ಎಂದರ್ಥ’ ಎಂದು ಮುಂಬೈ ಭಾಗದ ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತು ತಪ್ಪು.

ಗೊರಕೆ ಥಟ್ಟನೆ ನಿಂತು, ಎದೆ ಏರಿಳಿದರೂ ಉಸಿರಾಡದೆ, ಆಮೇಲೆ ಉಸಿರುಕಟ್ಟಿದವರಂತೆ ಗಾಳಿ ಎಳೆದುಕೊಂಡರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಇದರಲ್ಲಿ ಗಂಟಲಿನ ದಾರಿ ಮುಚ್ಚಿ 10 ಸೆಕೆಂಡು ಅಥವಾ ಹೆಚ್ಚು ಹೊತ್ತು ಗಾಳಿ ನಿಲ್ಲುತ್ತದೆ. ರಕ್ತದ ಆಮ್ಲಜನಕ ಇಳಿದು ಮಿದುಳು ಪದೇಪದೇ ಎಚ್ಚರಗೊಳ್ಳುತ್ತದೆ. ಹೀಗೆ ಚೂರಾದ ನಿದ್ದೆ ಫಿಟ್ಸ್ ಕೆರಳಿಸಬಲ್ಲದು.

ವಾಲ್‌ಪ್ರೊಯೇಟ್‌ನಂಥ ಫಿಟ್ಸ್ ಮಾತ್ರೆಯಿಂದ ತೂಕ ಏರಿದರೂ ಆಪ್ನಿಯಾ ಹೆಚ್ಚಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಮಲಗಿದವರು ಗೊರಕೆ ಹೊಡೆಯುವುದನ್ನು ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿ ನರರೋಗ ತಜ್ಞರಿಗೆ ತೋರಿಸಿ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಸಹಿತ ನಿದ್ರಾ ಪರೀಕ್ಷೆ ಬೇಕೇ ಎಂದು ಕೇಳಿ. ಆಪ್ನಿಯಾ ಇದ್ದು ಸಿಪ್ಯಾಪ್ ಯಂತ್ರವನ್ನು (ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲಿನ ದಾರಿ ತೆರೆದಿಡುವ ಸಾಧನ) ತಪ್ಪದೆ ಬಳಸಿದ ಹಲವರಲ್ಲಿ ಫಿಟ್ಸ್ ಕಡಿಮೆಯಾಗಿದೆ.