‘ಪೂರ್ತಿ ಸೆಟ್’ ಎಂಬ ಶುದ್ಧ ಸುಳ್ಳು

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಕೂಲೆಂಟ್ ಹೋಸ್‌ಗಳ ಪೂರ್ತಿ ಸೆಟ್’ ಎಂದು ಅಚ್ಚು ಹಾಕಿದ್ದಾರೆ. ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಹರಿಯುವ ರಬ್ಬರ್ ಕೊಳವೆಗಳು ಇವು. ಒಳಗೆ 14 ಹೋಸ್‌ಗಳಿವೆ. ನನ್ನ ಕಾರಿನಲ್ಲಿ ಸೋರುತ್ತಿರುವ ಹೋಸ್ ಮಾತ್ರ ಇಲ್ಲ.

ನನ್ನದು ಹಳೆಯ ಸ್ಪೋರ್ಟ್ಸ್ ಕಾರು. ಸೀಟಿನ ಬೆನ್ನಿಗೆ ಎಂಜಿನ್, ಮೂತಿಯಲ್ಲಿ ರೇಡಿಯೇಟರ್. 1972ರಲ್ಲಿ ಬಂದ ಫಿಯಾಟ್ ಎಕ್ಸ್1/9, 1984ರ ಟೊಯೋಟಾ ಎಂಆರ್2 ಇಟ್ಟುಕೊಂಡವರಿಗೆ ಈ ಏರ್ಪಾಡಿನ ಸುಖವನ್ನು ವಿವರಿಸಬೇಕಿಲ್ಲ. ಹಿಂದೆ ಕಾದ ನೀರು ಕಾರಿನ ತಳದುದ್ದಕ್ಕೂ ಒಂದು ಉಕ್ಕಿನ ಪೈಪಿನಲ್ಲಿ ಮುಂದಕ್ಕೆ ಹೋಗಬೇಕು, ತಣಿದ ಮೇಲೆ ಇನ್ನೊಂದು ಪೈಪಿನಲ್ಲಿ ಹಿಂದಕ್ಕೆ ಬರಬೇಕು. ಪೈಪು ಎಲ್ಲೆಲ್ಲಿ ಮುಗಿಯುತ್ತದೋ ಅಲ್ಲೆಲ್ಲ ಒಂದು ರಬ್ಬರ್ ಹೋಸ್. ನನ್ನ ಕಾರಿಗೆ ಒಟ್ಟು 13 ಹೋಸ್, ಅಂದರೆ 26 ತುದಿ, 26 ಕ್ಲಿಪ್, ಸೋರುವುದಕ್ಕೆ 26 ಜಾಗ.

ಒಂದು ತಿಂಗಳಿನಿಂದ ಕೂಲೆಂಟ್ ಟ್ಯಾಂಕಿನಲ್ಲಿ ವಾರಕ್ಕೊಂದು ಬೆರಳಿನಷ್ಟು ಮಟ್ಟ ಇಳಿಯುತ್ತಿತ್ತು. ಕಾರು ನಿಲ್ಲಿಸಿ ಇಳಿದರೆ ಕೂಲೆಂಟಿನಲ್ಲಿರುವ ಗ್ಲೈಕಾಲಿನ ಸಿಹಿ ಸಿಹಿಯಾದ ಆ ವಾಸನೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಕೊನೆಗೆ ಕೈಕನ್ನಡಿ ಹಿಡಿದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನೋಡಿದಾಗ ಸಿಕ್ಕಿತು: ಎಂಜಿನ್ನಿಗೆ ಗಾಳಿ, ಪೆಟ್ರೋಲು ಒಯ್ಯುವ ಇನ್‌ಲೆಟ್ ಮ್ಯಾನಿಫೋಲ್ಡಿನ ಕೆಳಗೆ, ವಾಟರ್ ಪಂಪಿಗೂ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಕವಾಟ) ಗೂಡಿಗೂ ನಡುವೆ, ಅಂಗೈ ಉದ್ದದ ಬೈಪಾಸ್ ಹೋಸ್. ಅದರ ಕುತ್ತಿಗೆಯ ಸುತ್ತ ಹಸಿರು ಬಿಳಿ ಬಣ್ಣದ ಹರಳು ಕಟ್ಟಿತ್ತು. ಸೋರಿದ್ದೆಲ್ಲ ಬಿಸಿ ಎಂಜಿನ್ನಿನ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿತ್ತು. ನೆಲಕ್ಕೆ ಬೀಳುವುದೆಲ್ಲಿಂದ?

ಥರ್ಮೋಸ್ಟಾಟ್ ಮುಚ್ಚಿರುವಷ್ಟು ಹೊತ್ತು ನೀರು ಎಂಜಿನ್ನಿನೊಳಗೇ ಸುತ್ತುವುದು ಈ ಹೋಸಿನ ಮೂಲಕ. ಅಂದರೆ ಪ್ರತಿದಿನ ಮೊದಲು ಕೆಲಸಕ್ಕೆ ಇಳಿಯುವುದೇ ಇದು. ಅಂಥದ್ದು ಸೆಟ್‌ನಲ್ಲಿ ಇಲ್ಲ! ಕಣ್ತಪ್ಪಿನಿಂದ ಬಿಟ್ಟಿರಬೇಕು ಎಂದುಕೊಂಡು ಮಾರಿದವರಿಗೆ ಫೋನ್ ಮಾಡಿದೆ. ಆ ಕಡೆಯ ಮನುಷ್ಯ ಬಹಳ ಸಮಾಧಾನದಿಂದ ಹೇಳಿದ: “ಅದನ್ನು ಯಾರೂ ಬದಲಾಯಿಸುವುದಿಲ್ಲ ಸರ್, ಅದಕ್ಕೇ ಹಾಕಿಲ್ಲ.”

ಯಾಕೆ ಬದಲಾಯಿಸುವುದಿಲ್ಲ? ಕೈ ಹೋಗುವುದಿಲ್ಲ, ಅದಕ್ಕೆ. ಏರ್ ಫಿಲ್ಟರ್ ಬಿಚ್ಚಬೇಕು, ಕಾರ್ಬ್ಯುರೇಟರ್ ಇಳಿಸಬೇಕು, ಮ್ಯಾನಿಫೋಲ್ಡ್ ತೆಗೆಯಬೇಕು, ಹಾಗೆ ತೆಗೆದ ತಪ್ಪಿಗೆ ಜೋಡಣೆಯ ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಬೇಕು. ಆದ್ದರಿಂದ ಎಲ್ಲರೂ ಕೈಗೆಟಕುವ 12 ಹೋಸ್‌ಗಳನ್ನು ಫಳಫಳ ಹೊಸದು ಮಾಡಿ, ಹದಿಮೂರನೆಯದನ್ನು ಮುಂದಿನವನ ತಲೆಗೆ ಕಟ್ಟಿದ್ದಾರೆ. ಆ ಮುಂದಿನವನು ನಾನು.

“ಅಲ್ಲಿಗೆ ನೇರ ಹೋಸಿನ ಒಂದು ತುಂಡು ಕತ್ತರಿಸಿ ಹಾಕಿಕೊಳ್ಳಿ ಸರ್” ಎಂಬ ಬುದ್ಧಿವಾದ ಬೇರೆ. ಅಂಗೈ ಉದ್ದದೊಳಗೆ ಲಂಬಕೋನದಲ್ಲಿ ತಿರುಗುವ ಹೋಸ್ ಅದು. ನೇರ ಹೋಸನ್ನು ಅಷ್ಟು ಬಗ್ಗಿಸಿದರೆ ತಿರುವಿನಲ್ಲಿ ಮಡಚಿಕೊಂಡು ಚಪ್ಪಟೆಯಾಗುತ್ತದೆ, ನೀರು ಹೋಗುವುದಿಲ್ಲ. ಅದಕ್ಕೇ ಅಲ್ಲವೇ ಕಾರ್ಖಾನೆಯಲ್ಲಿ ಅಚ್ಚಿನಲ್ಲೇ ಬಾಗಿಸಿ ಮಾಡುವುದು? ಹೋಸ್ ಮಾರುವವನಿಗೆ ಇದನ್ನು ಹೋಸ್ ಕೊಳ್ಳುವವನು ಹೇಳಿಕೊಡಬೇಕು. ಕೊನೆಗೆ ಬೇರೆ ಯಾವುದೋ ಕಾರಿನ ಉದ್ದನೆಯ ಹೋಸ್ ಕೊಂಡು, ಒಳವ್ಯಾಸ ಅಳೆದು, ಅದರ ಮೊಣಕೈ ಭಾಗವನ್ನಷ್ಟೇ ಕತ್ತರಿಸಿ ಹಾಕಿದೆ. ಸರಿಯಾಗಿ ಕೂತಿತು. ಮೂರು ದಿನ ಹುಡುಕಿದ ಮೇಲೆ.

ಇಷ್ಟರಲ್ಲಿ ಕಾರಿನ ತಳಕ್ಕೆ ಹೋಗಿದ್ದೆ. ಅಲ್ಲಿ ಹಿಂದಿನ ಮಹಾನುಭಾವರ ಕೈಚಳಕದ ಪ್ರದರ್ಶನವೇ ಇತ್ತು. ಮುಂದಿನ ಹೋಸಿನ ತುದಿಯಲ್ಲಿ ಒಂದರ ಬೆನ್ನಿಗೊಂದು ಮೂರು ಕ್ಲಿಪ್‌ಗಳು. ಮೂರನ್ನೂ ರಬ್ಬರಿನೊಳಗೆ ಹೂತುಹೋಗುವಷ್ಟು ಬಿಗಿದಿದ್ದರು. ಅದರ ಮೇಲೆ ಸೋರಿಕೆ ಮುಚ್ಚುವ ಅಂಟು, ಸೀಲೆಂಟ್, ಮೆತ್ತಿದ್ದರು. ಚಾಕುವಿನಿಂದ ಹೋಸನ್ನು ಉದ್ದಕ್ಕೆ ಸೀಳಿ ಬಿಡಿಸಿದೆ (ಇಕ್ಕಳ ಹಿಡಿದು ತಿರುಚಿದರೆ ರೇಡಿಯೇಟರಿನ ಮೂತಿಯೇ ಕೈಗೆ ಬರುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ). ಒಳಗಿದ್ದ ಉಕ್ಕಿನ ಪೈಪಿನ ತುದಿ ತುಕ್ಕು ತಿಂದು ಪದರ ಪದರವಾಗಿ ಎದ್ದಿತ್ತು. ಹೋಸ್ ಜಾರದಂತೆ ತಡೆಯುವ ಉಬ್ಬು ಅಂಚು ಇದ್ದ ಗುರುತೂ ಇಲ್ಲ. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದೆ, ತೂತು ಬಿದ್ದು ಒಳಗೆ ಹೋಯಿತು. ಇದಕ್ಕೆ ಮೂರು ಕ್ಲಿಪ್! ಕೂಲೆಂಟ್ ಟ್ಯಾಂಕಿನ ಮುಚ್ಚಳ ಹಿಡಿದಿಡುವ 1 ಬಾರ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಸುಮಾರು ಇನ್ನೊಂದು ಪಟ್ಟು) ಒತ್ತಡದಲ್ಲಿ ಬರಿಯ ನೀರೂ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲುತ್ತದೆ. ಅಷ್ಟು ಬಿಸಿ, ಅಷ್ಟು ಒತ್ತಡವನ್ನು ಒಂದು ಬೆರಳು ಸೀಲೆಂಟ್ ತಡೆಯುತ್ತದೆ ಎಂದು ನಂಬಿದವರ ಧೈರ್ಯವನ್ನು ಮೆಚ್ಚಬೇಕು. ಪೈಪ್ ಒಡೆದಾಗ ಸೀಟಿನಲ್ಲಿ ಅವರು ಇರುತ್ತಿರಲಿಲ್ಲವಲ್ಲ.

ಎರಡೂ ಪೈಪ್‌ಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿದೆ. ಹಳೆಯದನ್ನು ಹಿಡಿದಿದ್ದ ಆರು ಬೋಲ್ಟ್‌ಗಳಲ್ಲಿ ನಾಲ್ಕು ತಲೆ ಮುರಿದುಕೊಂಡವು. ಆ ಕಥೆಯನ್ನು ಬರೆದರೆ ನನಗೆ ಮತ್ತೆ ರಕ್ತದೊತ್ತಡ ಏರುತ್ತದೆ, ಬಿಡಿ.

“ಹೊರಗಿನಿಂದ ಚೆನ್ನಾಗಿಯೇ ಇದೆಯಲ್ಲ, ಯಾಕೆ ಬದಲಾಯಿಸುತ್ತೀರಿ?” ಎನ್ನುವವರಿಗೆ ಒಂದು ಮಾತು. ಸೀಳಿದ ಬೈಪಾಸ್ ಹೋಸನ್ನು ಬೆಳಕಿಗೆ ಹಿಡಿದು ನೋಡಿದೆ. ಹೊರಮೈ ಕರಿ ಹಲಗೆಯಂತೆ ನಯವಾಗಿತ್ತು. ಒಳಮೈಯಲ್ಲಿ ಉದ್ದುದ್ದ ಗೀರುಗಳು, ಉಗುರು ಇಳಿಯುವಷ್ಟು ಆಳ. ಬೇರೆ ಬೇರೆ ಲೋಹಗಳ ನಡುವೆ ಕೂಲೆಂಟ್ ತುಂಬಿದಾಗ ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ, ಅದು ರಬ್ಬರನ್ನು ಒಳಗಿನಿಂದ ಕೊರೆಯುತ್ತದೆ. ಕ್ಲಿಪ್ಪಿನ ಪಕ್ಕದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಸುಕಿ ನೋಡಿ. ನಡುವಿಗಿಂತ ತುದಿ ಮೆತ್ತಗಿದ್ದರೆ ಒಳಗೆ ಕೆಲಸ ನಡೆದಿದೆ ಎಂದೇ ಅರ್ಥ. ಇಂಥ ಹೋಸಿಗೆ ಕ್ಲಿಪ್ ಬಿಗಿದು ಏನು ಪ್ರಯೋಜನ? ಇನ್ನು ನೀಲಿ ಸಿಲಿಕೋನ್ ಹೋಸ್ ಹಾಕಿ ಎನ್ನುವ ಭಕ್ತರೂ ಇದ್ದಾರೆ. ಸಾಮಾನ್ಯ ಸ್ಕ್ರೂ ಕ್ಲಿಪ್ಪಿನ ಸೀಳುಗಳಲ್ಲಿ ಆ ಮೆತ್ತನೆಯ ಸಿಲಿಕೋನ್ ತುರಿದುಹೋಗುತ್ತದೆ, ಅದಕ್ಕೆ ಒಳಮೈ ನಯವಾಗಿರುವ ಕ್ಲಿಪ್ಪೇ ಬೇಕು ಎಂದು ಅವರಲ್ಲಿ ಒಬ್ಬರೂ ಹೇಳುವುದಿಲ್ಲ.

ಕೂಲೆಂಟ್ ತುಂಬಿ, ಹೀಟರ್ ಪೂರ್ತಿ ತೆರೆದಿಟ್ಟು, ರೇಡಿಯೇಟರಿನ ಮೇಲಿನ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯಲು ಒಂದು ಸಂಜೆ ಹಿಡಿಯಿತು. ಇಷ್ಟುದ್ದದ ಪೈಪಿನಲ್ಲಿ ಗಾಳಿ ಎಲ್ಲಿ ಬೇಕಾದರೂ ಅಡಗಿ ಕೂರುತ್ತದೆ. ಈಗ ಹತ್ತು ದಿನದಿಂದ ಮಟ್ಟ ಇಳಿದಿಲ್ಲ.

ಆದರೂ ಸಿಟ್ಟು ಇಳಿದಿಲ್ಲ. ಸೆಟ್‌ನಲ್ಲಿದ್ದ 14ರಲ್ಲಿ ನನ್ನ ಕಾರಿಗೆ ಬಂದದ್ದು 12. ಉಳಿದೆರಡು ಯಾವ ಕಾರಿಗೆ ಎಂದು ಕೇಳಿದ್ದಕ್ಕೆ, ಅವು ಬೇರೆ ಎಂಜಿನ್ನಿನ ಮಾದರಿಗೆ, “ಇರಲಿ ಎಂದು ಹಾಕಿದ್ದೇವೆ” ಎಂಬ ಉತ್ತರ ಬಂತು. ಬೇಡದ್ದನ್ನು ಇರಲಿ ಎಂದು ಹಾಕುತ್ತಾರೆ, ಬೇಕಾದದ್ದನ್ನು ಯಾರೂ ಬದಲಾಯಿಸುವುದಿಲ್ಲ ಎಂದು ಬಿಡುತ್ತಾರೆ. ಆ ಎರಡನ್ನು ವಾಪಸ್ ತೆಗೆದುಕೊಳ್ಳಿ ಎಂದೆ. ಪೆಟ್ಟಿಗೆ ಬಿಚ್ಚಿದ ಮೇಲೆ ವಾಪಸ್ ಇಲ್ಲವಂತೆ. ಬಿಚ್ಚದೆ ಒಳಗೆ ಏನಿಲ್ಲ ಎಂದು ತಿಳಿಯುವುದು ಹೇಗೆ ಎಂದು ಬರೆದು ಕೇಳಿದ್ದೇನೆ. ನಾಲ್ಕು ದಿನವಾಯಿತು, ಉತ್ತರವಿಲ್ಲ.