ಕುಕ್ಕರ್ ಬಂತು, ವಿಸಲ್ ಬರಲಿಲ್ಲ

ಇವತ್ತು ಬೆಳಗ್ಗೆ ಆರೂ ಮುಕ್ಕಾಲಿಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಭಾವ ಒಂದು ಫೋಟೋ ಹಾಕಿದರು. ಅಂಗೈ ಮೇಲೆ ಕುಕ್ಕರ್ ವಿಸಲ್. ಕೆಳಗೆ 'ಸಿಕ್ತು' ಅಂತ ಒಂದೇ ಪದ, ಪಕ್ಕದಲ್ಲಿ ಹಸಿರು ಟಿಕ್ ಮಾರ್ಕು. ನಾನು ಆಗ ಬಚ್ಚಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅದೇ ಕುಕ್ಕರಿನ ತಳದ ಮಸಿ ಉಜ್ಜುತ್ತಿದ್ದೆ. ಇದು ಮೂರನೇ ದಿನ. ತೆಂಗಿನ ನಾರು, ಬೂದಿ, ಹುಣಸೆಹಣ್ಣು, ಪಾತ್ರೆ ಸೋಪು ಎಲ್ಲ ಆಗಿ ಈಗ ಉಗುರಿಗೆ ಬಂದು ನಿಂತಿದೆ.

ವಿಸಲ್ ಎಲ್ಲಿ ಸಿಕ್ಕಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ನನ್ನ ಹೊಟ್ಟೆಯುರಿ ಸ್ವಲ್ಪ ಕೇಳಿ.

ಈ ಸಲ ಜನವರಿ 26 ಸೋಮವಾರ ಬಂತಲ್ಲ. ಮೂರು ದಿನ ರಜೆ ಒಟ್ಟಿಗೆ ಬಂದರೆ ಬೆಂಗಳೂರಿನವರಿಗೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ನೆಲಮಂಗಲದ ಹತ್ತಿರ ಇಡೀ ಊರೇ ಕಾರಲ್ಲಿ ಕೂತಿರುತ್ತೆ. ನಾನು ಮನೆಯಲ್ಲೇ ಬಿದ್ದುಕೊಂಡಿರೋಣ ಅಂತಿದ್ದೆ. ಭಾವ ಬಿಡಲಿಲ್ಲ. ಮಕ್ಕಳಿಗೆ ಮೊಬೈಲು ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ, ಕರೆಂಟಿಲ್ಲದ ಜಾಗದಲ್ಲಿ ಎರಡು ರಾತ್ರಿ ಟೆಂಟ್ ಹಾಕೋಣ, ನಾವೇ ಒಲೆ ಹೂಡಿ ನಾವೇ ಬೇಯಿಸಿಕೊಂಡು ತಿನ್ನೋಣ ಅಂದರು. ಚಿಕ್ಕದೊಂದು ಗ್ಯಾಸ್ ಸ್ಟವ್ ಆದರೂ ಇರಲಿ ಅಂದೆ. "ಹಾಗಾದ್ರೆ ಮನೆ ಟೆರೇಸ್ ಮೇಲೇ ಟೆಂಟ್ ಹಾಕ್ಬೋದಲ್ಲ" ಅಂದರು. ನನಗದು ಒಳ್ಳೇ ಐಡಿಯಾ ಅನ್ನಿಸಿತು. ಬೇರೆ ಯಾರಿಗೂ ಅನ್ನಿಸಲಿಲ್ಲ.

ಕಾಡೊಳಗೆ ಹೋಗಿ ಸುಮ್ನೆ ಟೆಂಟ್ ಹೊಡೆದು ಬೆಂಕಿ ಹಚ್ಚೋಕೆ ಅರಣ್ಯ ಇಲಾಖೆಯವರು ಬಿಡಲ್ಲ, ಬಿಡಲೂಬಾರದು. ಹಾಗಾಗಿ ಸಕಲೇಶಪುರದಿಂದ ಒಳಗೆ, ಹಾನುಬಾಳ್ ಕಡೆ, ಭಾವನ ಪರಿಚಯದವರ ಕಾಫಿ ತೋಟ ಗೊತ್ತಾಯಿತು. ನಾವು ಏಳು ಜನ. ನಾನು, ಹೆಂಡತಿ, ಮಗಳು, ಅಮ್ಮ, ಅಕ್ಕ, ಭಾವ, ಅಕ್ಕನ ಮಗ. ಜೊತೆಗೆ ಎಂಟನೆಯದಾಗಿ ಭಾವನ ಲಿಸ್ಟು.

ಈ ಲಿಸ್ಟಿನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಭಾವ ಎಲ್ಲದಕ್ಕೂ ಲಿಸ್ಟ್ ಮಾಡುತ್ತಾರೆ. ಧರ್ಮಸ್ಥಳಕ್ಕೆ ಹೋಗಲು ಲಿಸ್ಟು, ಅಮ್ಮನ ಕಣ್ಣಿನ ಆಪರೇಷನ್ನಿಗೆ ಲಿಸ್ಟು, ಲಿಸ್ಟ್ ಮಾಡಬೇಕಾದ ಕೆಲಸಗಳದ್ದೇ ಒಂದು ಲಿಸ್ಟು. ಅಕ್ಕನ ಮದುವೆಯಲ್ಲಿ ಧಾರೆಗೆ ಮುಂಚೆ ಅವರು ಜೇಬಿನಿಂದ ಚೀಟಿ ತೆಗೆದು ಏನೋ ಟಿಕ್ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುರೋಹಿತರೂ ಬಗ್ಗಿ ಇಣುಕಿದ್ದರು. ಕ್ಯಾಂಪಿಂಗ್ ಲಿಸ್ಟಿನಲ್ಲಿ 43 ಐಟಂ ಇದ್ದವು. ಅದನ್ನು ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದರು. ಮಳೆ ಬಂದರೆ ಅಂತ. ಜನವರಿಯಲ್ಲಿ. ಲ್ಯಾಮಿನೇಷನ್ ಮೇಲೆ ಪೆನ್ನು ಮೂಡಲ್ಲ ಅಂತ ಗೊತ್ತಾದ ಮೇಲೆ ಮಾರ್ಕರ್ ಪೆನ್ನು ತಂದರು. ಅದು 44ನೇ ಐಟಂ ಆಯಿತು.

ಶನಿವಾರ ರಾತ್ರಿ ಅನ್ನ, ತೊಗರಿಬೇಳೆ ಸಾರು. ಭಾನುವಾರ ಬೆಳಗ್ಗೆ ಇಡ್ಲಿ, ತೆಂಗಿನಕಾಯಿ ಚಟ್ನಿ. ಮಧ್ಯಾಹ್ನ ಬಿಸಿಬೇಳೆಬಾತು. ಇದು ಕರೆಂಟಿಲ್ಲದ ಜಾಗದ ಮೆನು! ಚಟ್ನಿ ಯಾವುದರಲ್ಲಿ ರುಬ್ಬೋದು ಅಂತ ನನ್ನ ಹೆಂಡತಿ ಕೇಳಿದಳು. ಭಾವ ಲಿಸ್ಟು ನೋಡಿದರು. ತೆಂಗಿನಕಾಯಿ ಇತ್ತು, ತುರಿಮಣೆ ಇತ್ತು, ಒರಳುಕಲ್ಲು ಇರಲಿಲ್ಲ. "ಅಲ್ಲಿ ಕಲ್ಲಿಗೇನು ಬರ" ಅಂದರು.

ಇಡ್ಲಿ ಹಿಟ್ಟಿನ ಕಥೆ ಹಾಸನ ದಾಟುವ ಮೊದಲೇ ಮುಗಿಯಿತು. ಮುಚ್ಚಿದ ಡಿಕ್ಕಿ, ಬಿಸಿಲು, ತುಂಬಿದ ಡಬ್ಬಿ. ಹಿಟ್ಟು ತನ್ನ ಕೆಲಸ ತಾನು ಮಾಡಿತು. ಉಬ್ಬಿ, ಮುಚ್ಚಳ ಎತ್ತಿ, ಸ್ಟೆಪ್ನಿ ಇರುವ ಗುಂಡಿಗೆ ಇಳಿದು, ಅಲ್ಲಿ ಇನ್ನೊಮ್ಮೆ ಉಬ್ಬಿತು. ಕಾರಿನಲ್ಲಿ ಈಗಲೂ ಹುಳಿ ವಾಸನೆ ಇದೆ. ಆ ಮೆನುವಿನಲ್ಲಿ ಕುಕ್ಕರಿಗೆ ವಿಸಲ್ ಹಾಕದೆಯೇ ಮಾಡುವ ಒಂದೇ ಅಡುಗೆ ಇಡ್ಲಿ ಅನ್ನೋದು ಆಗ ನಮಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ರಸ್ತೆ ಪಕ್ಕ ನಿಂತು ಅತ್ತೇ ಬಿಡುತ್ತಿದ್ದೆವು.

ಸಂಜೆ ಐದಕ್ಕೆ ಟೆಂಟ್ ಎದ್ದಿತು. ಮೂರು ಕಲ್ಲು ಹೂಡಿದೆವು. ತೋಟದವರು ಸಿಲ್ವರ್ ಓಕ್ ಸೌದೆ ಕೊಟ್ಟಿದ್ದರು, ಇಬ್ಬನಿಗೆ ನೆಂದು ನೆಂದು ಅದು ಒಳಗಿಂದಲೇ ತಣ್ಣಗಾಗಿತ್ತು. ಭಾವ ಆನ್‌ಲೈನಿನಲ್ಲಿ ತರಿಸಿದ ಊದುಗೊಳವೆ ತೆಗೆದರು. ರೇಡಿಯೋದ ಆಂಟೆನಾ ಥರ ಎಳೆದರೆ ಉದ್ದ ಆಗುತ್ತೆ. ಇಪ್ಪತ್ತು ನಿಮಿಷ ಊದಿದರು. ಹೊಗೆ ಬಂತು, ಬೂದಿ ಹಾರಿತು, ಕಣ್ಣು ಕೆಂಪಾಯಿತು, ಬೆಂಕಿ ಮಾತ್ರ ಬರಲಿಲ್ಲ. ಅಮ್ಮ ತನ್ನ ಬ್ಯಾಗಿನಿಂದ ದೇವರ ಮುಂದೆ ಹಚ್ಚುವ ಕರ್ಪೂರದ ನಾಲ್ಕು ಬಿಲ್ಲೆ ತೆಗೆದು, ಒಣ ಎಲೆ ಮೇಲೆ ಇಟ್ಟು ಕಡ್ಡಿ ಗೀರಿದಳು. ಹತ್ತಿಕೊಂಡಿತು. ಅಮ್ಮನ ಬ್ಯಾಗು ಲಿಸ್ಟಿನಲ್ಲಿ ಇರಲಿಲ್ಲ.

ಆಮೇಲೆ ನನ್ನ ಹೆಂಡತಿ ಕುಕ್ಕರಿಗೆ ನೀರು ಹಾಕಿ, ಕೆಳಗಿನ ಬಟ್ಟಲಿಗೆ ಬೇಳೆ, ಮೇಲಿನದಕ್ಕೆ ಅಕ್ಕಿ ಇಟ್ಟು, ಮುಚ್ಚಳ ತಿರುಗಿಸಿ, ಆಪರೇಷನ್ ಥಿಯೇಟರಿನ ಡಾಕ್ಟರ ಹಾಗೆ ಕೈ ಚಾಚಿದಳು. "ವಿಸಲ್."

ಯಾರೂ ಅಲುಗಾಡಲಿಲ್ಲ.

"ವಿಸಲ್ ಕೊಡಿ ಅಂದೆ."

ಅಮ್ಮ ನನ್ನನ್ನು ನೋಡಿದಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ಯಾಕಿಂಗ್ ಮಾಡಿದ್ದು ಭಾವ. ಡಿಕ್ಕಿಗೆ ತುಂಬಿದ್ದು ಭಾವ. ಟಿಕ್ ಹಾಕಿದ್ದು ಭಾವ. ಆದರೆ ಅವರು ಅಳಿಯಂದಿರು. ಮದುವೆಯಾಗಿ ಹದಿನಾರು ವರ್ಷವಾದರೂ ಅಮ್ಮ ಅವರ ಜೊತೆ ನೇರವಾಗಿ ಮಾತಾಡಿದ್ದು ಅಷ್ಟಕ್ಕಷ್ಟೆ. "ಅವರಿಗೆ ಇನ್ನೊಂಚೂರು ಸಾರು ಬೇಕಾ ಕೇಳು" ಅಂತ ನನಗೆ ಹೇಳುತ್ತಾಳೆ, ಅವರು ಮೂರಡಿ ದೂರದಲ್ಲಿ ಕೂತಿದ್ದರೂ. ಅಳಿಯಂದಿರನ್ನು ಬೈಯುವ ಹಾಗಿಲ್ಲ. ಬೈಯಬೇಕಾದದ್ದು ಒಳಗೆ ಉಳಿಯುವ ಹಾಗೂ ಇಲ್ಲ. ಅದಕ್ಕೇ ದೇವರು ಅವಳಿಗೆ ನನ್ನನ್ನು ಕೊಟ್ಟಿದ್ದಾನೆ. "ಒಂದು ವಿಸಲ್ ನೆನಪಿಟ್ಟು ತರೋಕಾಗಲ್ವೇನೋ ನಿನಗೆ, ಕತ್ತೆ ವಯಸ್ಸಾಯ್ತು" ಅಂತ ಶುರುವಾಗಿ, ನಾನು ಆರನೇ ಕ್ಲಾಸಿನಲ್ಲಿ ಕಳೆದ ಕೊಡೆಯವರೆಗೂ ಹೋಯಿತು.

ಭಾವ ಲಿಸ್ಟು ತೆಗೆದು ಟಾರ್ಚ್ ಹಾಕಿ ತೋರಿಸಿದರು. "ನೋಡು, 17ನೇದು ಕುಕ್ಕರ್. ಟಿಕ್ ಹಾಕಿದೀನಿ. ವಿಸಲ್ ಅಂತ ಬೇರೆ ಐಟಂ ಇಲ್ಲ. ವಿಸಲ್ ಕುಕ್ಕರಿನ ಒಳಗೇ ಬರುತ್ತೆ ಅಲ್ವಾ?"

ಬರುತ್ತೆ ಭಾವ. ಬರಲಿಲ್ಲ.

ಆಮೇಲೆ ಪ್ರಯೋಗ ಶುರುವಾಯಿತು. ಆವಿ ಬರುವ ನಳಿಗೆ ಮೇಲೆ ಒಂದು ಚಪ್ಪಟೆ ಕಲ್ಲು ಇಟ್ಟರೆ ಹೇಗೆ ಅಂತ ಭಾವ ಕಲ್ಲು ಹುಡುಕತೊಡಗಿದರು. "ರೀ, ಸುಮ್ನಿರ್ರೀ, ಎಲ್ಲರನ್ನೂ ಹಾರಿಸ್ತೀರ!" ಅಂತ ಅಕ್ಕ ಕಲ್ಲು ಕಿತ್ತುಕೊಂಡಳು. ಅಷ್ಟರಲ್ಲಿ ನಳಿಗೆಯಿಂದ ಬೇಳೆಯ ಹಳದಿ ನೊರೆ ಪಿಚಕಾರಿ ಹಾಗೆ ಚಿಮ್ಮಿ ಹೊಸ ಟೆಂಟಿನ ಮೇಲೆ ರಂಗೋಲಿ ಬಿಟ್ಟಿತು. ಭಾವ ಇಂಜಿನಿಯರ್ ಬೇರೆ. ಸೌದೆ ಮುಂದೆ ತಳ್ಳುವುದನ್ನು ಬಿಟ್ಟು ವಿವರಿಸಲು ನಿಂತರು. ನಾವಿರೋದು ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ ಸಾವಿರ ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 100 ಡಿಗ್ರಿವರೆಗೂ ಕಾಯಲ್ಲ, 97ರ ಹತ್ತಿರವೇ ಕುದಿಯುತ್ತೆ, ವಿಸಲ್ ಇದ್ದಿದ್ದರೆ ಆವಿ ಒಳಗೇ ಒತ್ತಿಕೊಂಡು 120 ಡಿಗ್ರಿವರೆಗೂ ಹೋಗುತ್ತಿತ್ತು, ಅದಕ್ಕೇ ಬೇಳೆ ಬೇಯುತ್ತಿಲ್ಲ. ಎಲ್ಲ ಸರಿಯೇ. ಬೇಳೆ ಮಾತ್ರ ಅದನ್ನೆಲ್ಲ ಕೇಳಿಸಿಕೊಂಡು ಹಾಗೇ ಕಲ್ಲಿನಂತೆ ಕೂತಿತ್ತು.

"ಹೆಸರುಬೇಳೆ ತಂದಿದ್ರೆ ಇಷ್ಟೊತ್ತಿಗೆ ಊಟ ಆಗ್ತಿತ್ತು ಅಂತ ಹೇಳು" ಅಂತ ಅಮ್ಮ ನನಗೆ ಹೇಳಿದಳು. ಯಾರಿಗೆ ಹೇಳಬೇಕು ಅಂತ ಹೇಳಲಿಲ್ಲ.

ನಿಜವಾದ ತೊಂದರೆ ಏನು ಗೊತ್ತಾ? ಮುಚ್ಚಳ ತೆಗೆದು ಬೇರೆ ಪಾತ್ರೆಯಲ್ಲಿ ಅನ್ನಕ್ಕಿಟ್ಟ ಮೇಲೂ ಅದು ಯಾವಾಗ ಆಗುತ್ತೆ ಅಂತ ನಮಗೆ ಯಾರಿಗೂ ಗೊತ್ತಾಗಲಿಲ್ಲ. ನಮಗೆ ಗೊತ್ತಿರೋದು ವಿಸಲ್ ಲೆಕ್ಕ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಡಲೆಕಾಳಿಗೆ ಆರು. ದಿನಾ ಬೆಳಗ್ಗೆ ನಮ್ಮನೆಯಲ್ಲಿ ಹೆಂಡತಿ ಬಚ್ಚಲಿಂದ ಕೂಗುತ್ತಾಳೆ, "ಎಷ್ಟಾಯ್ತು?" ನಾನು ಪೇಪರಿನ ಹಿಂದಿನಿಂದ "ಎರಡು" ಅನ್ನುತ್ತೇನೆ. ನಾನು ಯಾವತ್ತೂ ಎಣಿಸಿದ್ದಿಲ್ಲ. ಎರಡು ಅನ್ನೋದು ಕ್ಷೇಮ. ಒಂದು ಅಂದರೆ ಇನ್ನೂ ಕಾಯಬೇಕು, ಮೂರು ಅಂದರೆ ಎದ್ದು ಹೋಗಿ ಆಫ್ ಮಾಡಬೇಕು. ನಿಮ್ಮನೆಯಲ್ಲೂ ಹೀಗೇ ನಡೆಯುತ್ತೆ, ಸುಮ್ನೆ ಒಪ್ಪಿಕೊಂಡುಬಿಡಿ. ಅವತ್ತು ಆ ಕತ್ತಲಲ್ಲಿ ಏಳು ಜನ ಪಾತ್ರೆ ಸುತ್ತ ಕೂತು ಅದು ಏನಾದರೂ ಹೇಳಲಿ ಅಂತ ಕಾಯುತ್ತಿದ್ದೆವು. ಕೊನೆಗೆ ನನ್ನ ಮಗಳೇ ತಾಳಲಾರದೆ "ಸ್ಸ್ಸ್ಸ್" ಅಂತ ಜೋರಾಗಿ ವಿಸಲ್ ಹಾಕಿದಳು. ಅಕ್ಕ ಅಡುಗೆಮನೆಯ ಅಭ್ಯಾಸದಲ್ಲಿ "ಎಷ್ಟಾಯ್ತೇ?" ಅಂದಳು. ನನ್ನ ಬಾಯಿಂದ ತಾನಾಗಿ ಬಂತು, "ಎರಡು".

ಅಮ್ಮ ಒಬ್ಬಳೇ ನಗಲಿಲ್ಲ. ಸೌಟಿನ ತುದಿಯಲ್ಲಿ ನಾಲ್ಕು ಅಗುಳು ತೆಗೆದು, ಊದಿ, ಒಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಚುಕಿದಳು. ಮೊಬೈಲ್ ಟಾರ್ಚಿನ ಬೆಳಕಲ್ಲಿ ನೋಡಿದೆ. ಅಗುಳಿನ ಮಧ್ಯೆ ಸಾಸಿವೆಯಷ್ಟು ಬಿಳಿ ಚುಕ್ಕಿ. "ಒಳಗಿನ್ನೂ ಅಕ್ಕಿ ಇದೆ" ಅಂದಳು. ಎರಡು ಕೊಳ್ಳಿ ಹಿಂದಕ್ಕೆ ಎಳೆದು, ಪಾತ್ರೆಗೆ ತಟ್ಟೆ ಮುಚ್ಚಿ, ತಟ್ಟೆಗೆ ನೀರು ಹುಯ್ದಳು. ಆ ನೀರು ನೋಡಿದ್ದೇ ನನಗೆ ಅಜ್ಜಿ ನೆನಪಾದಳು. ತುರುವೇಕೆರೆ ಹತ್ತಿರದ ನಮ್ಮೂರಿನ ಆ ಕಪ್ಪು ಅಡುಗೆಮನೆ, ಕೋಡೊಲೆ, ಕೋಡಿನ ಮೇಲೆ ಸದಾ ಕಾಯುತ್ತಿದ್ದ ಸಾರಿನ ಪಾತ್ರೆ. ಆಮೇಲೆ ಅಲ್ಲಿಗೆ ಅಸ್ತ್ರ ಒಲೆ ಬಂತು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು ಕಂಡುಹಿಡಿದದ್ದು, ಒಂದೇ ಬೆಂಕಿಗೆ ಮೂರು ಪಾತ್ರೆ ಇಡಬಹುದಿತ್ತು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು. ಹೊಗೆ ಹೋದ ಮೇಲೂ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳೋದು ಬಿಡಲಿಲ್ಲ. ಗಂಜಿ ಬಸಿದು ಅದಕ್ಕೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಮೊದಲ ಲೋಟ ನನಗೆ ಕೊಡುತ್ತಿದ್ದಳು. ಆ ಲೋಟದ ಕಂಠ ಎಷ್ಟು ಬಿಸಿ ಇರುತ್ತಿತ್ತು ಅಂದರೆ, ಅಂಗಿಯ ತುದಿಯಲ್ಲಿ ಹಿಡಿದುಕೊಂಡು ಕುಡಿಯಬೇಕಿತ್ತು.

"ಎಷ್ಟಾಯ್ತು?" ಅಂತ ಹೆಂಡತಿ ಮತ್ತೆ ಕೇಳಿದಳು. ಈ ಸಲ ಗಂಟೆ. ಹತ್ತೂವರೆ. ಬೇಳೆಯನ್ನು ಕೈಬಿಟ್ಟು ಅನ್ನ, ಮಜ್ಜಿಗೆ, ಅಮ್ಮನ ಬ್ಯಾಗಿನ ಮಾವಿನಕಾಯಿ ಉಪ್ಪಿನಕಾಯಿ ತಿಂದು ಮಲಗಿದೆವು. ದಿಂಬು ಲಿಸ್ಟಿನಲ್ಲಿ ಇರಲಿಲ್ಲ. ಕತ್ತಲಲ್ಲಿ ಕೈಗೆ ಸಿಕ್ಕ ಯಾವುದೋ ಚಿಕ್ಕ ಬ್ಯಾಗನ್ನು ತಲೆಗೆ ಇಟ್ಟುಕೊಂಡೆ. ರಾತ್ರಿಯಿಡೀ ಕಿವಿ ಹಿಂದೆ ಏನೋ ಗಟ್ಟಿಯಾಗಿ ಒತ್ತುತ್ತಿತ್ತು. ಟೆಂಟಿನ ಕೆಳಗಿನ ಕಲ್ಲಿರಬೇಕು ಅಂದುಕೊಂಡೆ.

ಭಾನುವಾರದಿಂದ ಆಡಳಿತ ಅಮ್ಮನ ಕೈಗೆ ಹೋಯಿತು. ಯಾರೂ ಘೋಷಣೆ ಮಾಡಲಿಲ್ಲ, ಭಾವ ಲಿಸ್ಟನ್ನು ಮಡಚಲಾಗದೆ ಬೆನ್ನ ಹಿಂದೆ ಇಟ್ಟುಕೊಂಡರು ಅಷ್ಟೆ. ಬೆಳಗ್ಗೆ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಅಮ್ಮ ಮನೆಯಲ್ಲೇ ತರಿತರಿ ಪುಡಿ ಮಾಡಿ ತಂದಿದ್ದಳು. ಹುಣಸೆರಸ, ಬೆಲ್ಲ, ಸಾರಿನಪುಡಿ, ಉಪ್ಪು ಕಲಸಿದ ನೀರನ್ನು ಅದು ಮುಳುಗುವಷ್ಟೇ ಹಾಕಿ ಅರ್ಧ ಗಂಟೆ ಬಿಟ್ಟರೆ ಅದೇ ಅರಳಿಕೊಳ್ಳುತ್ತೆ, ಬೆಂಕಿ ಬೇಕಾದದ್ದು ಒಗ್ಗರಣೆಗೆ ಮಾತ್ರ. ಮಧ್ಯಾಹ್ನ ಅಕ್ಕಿ ರೊಟ್ಟಿ. ಒಂದೇ ಕಾವಲಿ ಇದ್ದರೆ ರೊಟ್ಟಿಗೆ ರೊಟ್ಟಿಗೆ ಅದು ಆರುವವರೆಗೂ ಕಾಯಬೇಕಲ್ಲ, ಅದಕ್ಕೆ ತೋಟದ ಬಾಳೆಎಲೆ ತಂದು, ಎಲೆ ಮೇಲೆ ತಟ್ಟಿ, ಎಲೆ ಸಮೇತ ಬಿಸಿ ಕಾವಲಿ ಮೇಲೆ ಮಗುಚಿ, ಅರ್ಧ ನಿಮಿಷ ಬಿಟ್ಟು ಎಲೆ ಸುಲಿಯೋದು. ಜೊತೆಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿ, ಹಸಿಮೆಣಸಿನಕಾಯಿ ಕೈಯಲ್ಲೇ ಹಿಸುಕಿ ಗೊಜ್ಜು. ಮಿಕ್ಸಿ ಇಲ್ಲ ಅಂತ ಯಾರಿಗೂ ನೆನಪಾಗಲಿಲ್ಲ. ರಾತ್ರಿ ಬೂದಿ ಕೆಳಗೆ ಗೆಣಸು ಹೂತು ಮಕ್ಕಳನ್ನು ಕಾವಲು ಕೂರಿಸಿದಳು. ಅಕ್ಕನ ಮಗ, ಮನೆಯಲ್ಲಿ ಗೆಣಸು ಕಂಡರೆ ಮುಖ ತಿರುಗಿಸುವವನು, ಸಿಪ್ಪೆ ಸಮೇತ ನಾಲ್ಕು ತಿಂದ.

ಅಮ್ಮ ನನಗೆ ಇನ್ನೊಂದು ಮಾತೂ ಹೇಳಿದ್ದಳು. ಪಾತ್ರೆಯನ್ನು ಸೌದೆ ಒಲೆ ಮೇಲೆ ಇಡುವ ಮೊದಲು ಹೊರಗಡೆ ಒದ್ದೆ ಬೂದಿ ಬಳಿ, ಮಸಿ ಹಿಡಿದರೂ ತೊಳೆದಾಗ ಬೂದಿ ಜೊತೆಗೇ ಬಿಟ್ಟುಹೋಗುತ್ತೆ ಅಂತ. ಶನಿವಾರ ನಾನು ಬಳಿಯಲಿಲ್ಲ. ಆಗ ನಾನು ಕೊಡೆಯ ವಿಷಯದಲ್ಲಿ ಬೈಸಿಕೊಳ್ಳುತ್ತಿದ್ದೆ.

ವಿಸಲ್ ಎಲ್ಲಿತ್ತು ಅಂತ ಹೇಳುತ್ತೇನೆ ಅಂದಿದ್ದೆನಲ್ಲ. 38ನೇ ಐಟಂ. 'ಚಿಕ್ಕಪುಟ್ಟ ಸಾಮಾನು, ಕಿತ್ತಳೆ ಪೌಚು'. ಟಾರ್ಚಿನ ಸೆಲ್ಲು, ಸೇಫ್ಟಿ ಪಿನ್ನು, ಬ್ಯಾಂಡೇಜು, ಸೊಳ್ಳೆಬತ್ತಿ ಸ್ಟ್ಯಾಂಡು. ಅವುಗಳ ಮಧ್ಯೆ, ದಾರಿಯಲ್ಲಿ ಉರುಳಿ ಕಳೆದುಹೋಗಬಾರದು ಅಂತ ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟ ವಿಸಲ್ಲು. ಇಟ್ಟಿದ್ದು ಭಾವನೇ. ಮರೆತದ್ದೂ ಭಾವನೇ. ಆ ಕಿತ್ತಳೆ ಪೌಚನ್ನು ಎರಡೂ ರಾತ್ರಿ ತಲೆಗಿಟ್ಟುಕೊಂಡು ಮಲಗಿದವನು ನಾನು.

ಕುಕ್ಕರ್ ಅಲ್ಲೇ ಬಿಟ್ಟು, ಕೈಯಲ್ಲಿ ಮಸಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನೇರ ಅಮ್ಮನ ಹತ್ತಿರ ಹೋದೆ. ಹದಿನಾರು ವರ್ಷದಲ್ಲಿ ಇಂಥ ಸಾಕ್ಷಿ ನನಗೆ ಸಿಕ್ಕಿದ್ದೇ ಇಲ್ಲ. ಫೋಟೋ ತೋರಿಸಿದೆ, ಪೌಚಿನ ಕಥೆ ಪೂರ್ತಿ ಹೇಳಿದೆ. ಅಮ್ಮ ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಚೆನ್ನಾಗಿ ನೋಡಿದಳು.

"ಪಾಪ, ಎಷ್ಟು ಜೋಪಾನವಾಗಿ ಎತ್ತಿಟ್ಟಿದ್ರು ನೋಡು" ಅಂದಳು. "ನಿನ್ ಕೈಗೆ ಕೊಟ್ಟಿದ್ರೆ ತೋಟದಲ್ಲೇ ಬಿದ್ದುಹೋಗ್ತಿತ್ತು. ಆ ಕುಕ್ಕರ್ ಆಯ್ತಾ?"